‘ಕರೆಂಟ್’ ಕೊಡಿಸುವ ಮುನ್ನ, ಕೊಡಿಸುವಾಗ

ಕ್ಯಾನ್ಸರ್ ರೋಗಿಗೆ ವೈದ್ಯರು ವಿಕಿರಣ ಚಿಕಿತ್ಸೆ ಬೇಕೆಂದು ಹೇಳಿದರೆ, ನಮ್ಮ ದಾವಣಗೆರೆ-ಹರಿಹರದ ಕಡೆ ಅದು ಮನೆಯವರ ಬಾಯಲ್ಲಿ ‘ಕರೆಂಟ್ ಕೊಡಿಸಬೇಕಂತೆ’ ಎಂದಾಗುತ್ತದೆ. ಹೆಸರೇ ಹೆದರಿಸುವಂಥದು. ಮೈಗೆ ವಿದ್ಯುತ್ ಹಾಯಿಸುತ್ತಾರೆ, ಚರ್ಮ ಸುಟ್ಟು ಕರಕಲಾಗುತ್ತದೆ ಎಂದು ನಂಬಿ ಚಿಕಿತ್ಸೆಯೇ ಬೇಡವೆನ್ನುವ ಹಿರಿಯರುಂಟು. ನಿಜವಾಗಿ ರೋಗಿಯ ಮೈಗೆ ವಿದ್ಯುತ್ ಸೋಕುವುದೇ ಇಲ್ಲ. ವಿದ್ಯುತ್ ಬೇಕಾಗುವುದು ಕ್ಷ-ಕಿರಣ ಹುಟ್ಟಿಸುವ ಯಂತ್ರಕ್ಕೆ.

ಸುಡುವ ಭಯಕ್ಕೆ ಮಾತ್ರ ಹಳೆಯ ಕಾರಣವಿದೆ. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಸ್ವಲ್ಪ ಕಾಲದಲ್ಲೇ ಅವುಗಳನ್ನು ಗಡ್ಡೆಗಳ ಮೇಲೆ ಪ್ರಯೋಗಿಸತೊಡಗಿದರು. ಮುಂದೆ ಬಹುಕಾಲ ಬಳಕೆಯಲ್ಲಿದ್ದ ಯಂತ್ರಗಳ ಶಕ್ತಿ ಎರಡು-ಎರಡೂವರೆ ಲಕ್ಷ ವೋಲ್ಟ್. ಆ ಕಿರಣಗಳ ಬಲ ಹೆಚ್ಚಾಗಿ ಚರ್ಮದಲ್ಲೇ ಖರ್ಚಾಗಿ, ಆಳದ ಗಡ್ಡೆಗೆ ತಲುಪುವಷ್ಟರಲ್ಲಿ ಮೇಲೆ ಹುಣ್ಣಾಗುತ್ತಿತ್ತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರವೂ 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲೀನಿಯರ್ ಆಕ್ಸಿಲರೇಟರೂ ಚಿಕಿತ್ಸೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಇಂದು ಸಾಮಾನ್ಯವಾಗಿ ಬಳಸುವ 60 ಲಕ್ಷ ವೋಲ್ಟ್ ಕ್ಷ-ಕಿರಣದ ಪೂರ್ಣ ಬಲ ಬೀಳುವುದು ಚರ್ಮದ ಮೇಲಲ್ಲ, ಸುಮಾರು ಒಂದೂವರೆ ಸೆಂಟಿಮೀಟರ್ ಕೆಳಗೆ. ಹಲವು ದಿಕ್ಕುಗಳಿಂದ ಬಿಟ್ಟ ಕಿರಣಗಳು ಗಡ್ಡೆಯಿರುವಲ್ಲಿ ಸಂಧಿಸುವಂತೆ ಲೆಕ್ಕ ಹಾಕುತ್ತಾರೆ. ಚರ್ಮ ಕಪ್ಪಾಗುವುದು, ಉರಿಯುವುದು ಈಗಲೂ ಇದೆ, ಆದರೆ ಅಂದಿನ ಹಾಗಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ನಮ್ಮಿಂದ ಸುಮಾರು 260 ಕಿಲೋಮೀಟರ್ ದೂರ. ಚಿಕಿತ್ಸೆ ಎಲ್ಲೇ ಆಗಲಿ, ಒಂದು ದಿನದಲ್ಲಿ ಮುಗಿಯುವುದಿಲ್ಲ ಎಂಬುದೇ ನಮ್ಮವರಿಗೆ ದೊಡ್ಡ ತೊಡಕು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದರಿಂದ ಏಳು ವಾರ. ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ, ನೋವಿಲ್ಲ. ಹಾಗಾದರೆ ಒಟ್ಟಿಗೇ ಕೊಟ್ಟುಬಿಡಬಾರದೇ? ಕಿರಣ ತಗುಲಿದಾಗ ಕ್ಯಾನ್ಸರ್ ಕಣವೂ ಪಕ್ಕದ ಆರೋಗ್ಯವಂತ ಕಣವೂ ಪೆಟ್ಟು ತಿನ್ನುತ್ತವೆ. ಮರುದಿನದೊಳಗೆ ಆರೋಗ್ಯವಂತ ಕಣ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕ್ಯಾನ್ಸರ್ ಕಣಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಈ ವ್ಯತ್ಯಾಸವೇ ಚಿಕಿತ್ಸೆಯ ಬಂಡವಾಳ.

ಮಲೆಬೆನ್ನೂರು ಕಡೆಯ ಒಬ್ಬ ತಾಯಿಗೆ ಗರ್ಭಕಂಠದ ಕ್ಯಾನ್ಸರ್ ಎಂದಿಟ್ಟುಕೊಳ್ಳಿ. ಎರಡು-ಮೂರು ವಾರದಲ್ಲಿ ರಕ್ತಸ್ರಾವ ನಿಲ್ಲುತ್ತದೆ. ‘ವಾಸಿಯಾಯಿತಲ್ಲ, ಭತ್ತದ ಕೊಯ್ಲು ಮುಗಿಸಿ ಬರೋಣ’ ಎಂದು ಮನೆಯವರು ಕರೆದುಕೊಂಡು ಹೋಗುತ್ತಾರೆ. ಕೆಲವರಿಗೆ ಕೊಯ್ಲು, ಕೆಲವರಿಗೆ ದುಗ್ಗಮ್ಮನ ಜಾತ್ರೆ, ಕೆಲವರಿಗೆ ಬಸ್ ಚಾರ್ಜಿಗೆ ಕಾಸಿಲ್ಲ. ನಿಂತದ್ದು ರಕ್ತ, ರೋಗವಲ್ಲ. ಉಳಿದ ಕಣಗಳು ಈ ಬಿಡುವಿನಲ್ಲಿ ಮೊದಲಿಗಿಂತ ವೇಗವಾಗಿ ಬೆಳೆಯುತ್ತವೆ. ಈ ಕ್ಯಾನ್ಸರಿನಲ್ಲಿ ಹೊರಗಿನ ಕಿರಣ, ಗರ್ಭಕೋಶದೊಳಗೆ ಇಡುವ ವಿಕಿರಣ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ತಿಂಗಳು ಬಿಟ್ಟು ಬಂದು ‘ಮೊದಲಿನಿಂದ ಕೊಡಿ’ ಎಂದರೆ ಆಗದು. ಮೂತ್ರಕೋಶ, ಗುದನಾಳಗಳು ತಾಳಿಕೊಳ್ಳುವುದಕ್ಕೆ ಮಿತಿಯಿದೆ, ಅರ್ಧ ಪಾಲು ಆಗಲೇ ಖರ್ಚಾಗಿರುತ್ತದೆ. ಹಣದ ತೊಂದರೆಯಿದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಚಿಕಿತ್ಸೆ ಆರಂಭಿಸುವ ಮೊದಲೇ ಆಸ್ಪತ್ರೆಯಲ್ಲಿ ಕೇಳಬೇಕು. ನಡುವೆ ಕೇಳಿದರೆ ಓಡಾಟದಲ್ಲೇ ದಿನಗಳು ಕಳೆಯುತ್ತವೆ.

ಕಿರಣ ಬಿದ್ದ ಜಾಗದಲ್ಲಿ ಮಾತ್ರ ಈ ಚಿಕಿತ್ಸೆ ಕೆಲಸ ಮಾಡುತ್ತದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕರೆ ಬಹುಪಾಲು ರೋಗಿಗಳು ದನಿ ಉಳಿಸಿಕೊಂಡು ಗುಣವಾಗುತ್ತಾರೆ. ಎಲೆಯಡಿಕೆ-ತಂಬಾಕು, ಗುಟ್ಕಾದಿಂದ ಬರುವ ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಅಗತ್ಯವಿದ್ದರೆ ಆಮೇಲೆ ವಿಕಿರಣ. ಯಕೃತ್ತು, ಶ್ವಾಸಕೋಶ, ಮೂಳೆಗಳಿಗೆಲ್ಲ ಹರಡಿದ್ದರೆ ಕಿರಣದಿಂದ ರೋಗ ಬೇರುಸಹಿತ ಹೋಗುವುದು ಅಪರೂಪ. ಹಾಗೆಂದು ವ್ಯರ್ಥವೂ ಅಲ್ಲ: ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಎಷ್ಟೋ ಜನರಿಗೆ ಒಂದೇ ಸಲದ ಕಿರಣದಿಂದ ತಗ್ಗುತ್ತದೆ. ಆದ್ದರಿಂದ ಗದ್ದೆ ಮಾರುವ ಮಾತು ಬರುವ ಮೊದಲು ವೈದ್ಯರನ್ನು ನೇರವಾಗಿ ಕೇಳಿ: ‘ಡಾಕ್ಟರೇ, ಇದು ಗುಣವಾಗಲಿಕ್ಕೋ, ನೋವು ಕಡಿಮೆ ಮಾಡಲಿಕ್ಕೋ?’ ಹೀಗೆ ಕೇಳುವುದು ಅವಿನಯವಲ್ಲ. ಕೇಳದೆ ಸಾಲ ಮಾಡಿದ ಕುಟುಂಬಗಳೇ ಹೆಚ್ಚು.

ಆಯಾಸ ಸಾಮಾನ್ಯ. ಬಾಯಿ-ಗಂಟಲಿಗೆ ಕೊಟ್ಟಾಗ ಹುಣ್ಣಾಗಿ ಅನ್ನ ಸೇರುವುದಿಲ್ಲ. ಖಾರ ಬಿಟ್ಟು ಗಂಜಿ, ಮೊಸರನ್ನ, ಮೊಟ್ಟೆ ಕೊಡಿ. ಬಾಯಿಗೆ ಕಿರಣ ಕೊಡುವ ಮುನ್ನ ಹುಳುಕು ಹಲ್ಲುಗಳನ್ನು ತೋರಿಸಿ. ಆಮೇಲೆ, ವರ್ಷಗಳು ಕಳೆದಿದ್ದರೂ, ವಿಕಿರಣ ಪಡೆದ ವಿಷಯ ತಿಳಿಸದೆ ಹಲ್ಲು ಕೀಳಿಸಬೇಡಿ. ದವಡೆಯ ಗಾಯ ಮಾಯದೆ ಉಳಿಯಬಹುದು.

ಇನ್ನು ‘ಹತ್ತಿರ ಹೋದರೆ ನಮಗೂ ತಗುಲೀತೇ’ ಎಂಬ ಅಂಜಿಕೆ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಯಂತ್ರ ನಿಂತೊಡನೆ ಮುಗಿಯಿತು, ಮೈಯಲ್ಲಿ ಉಳಿಯುವುದಿಲ್ಲ. ಚಿಕಿತ್ಸೆ ಮುಗಿಸಿ ಸಂಜೆ ಮನೆಗೆ ಬಂದ ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಅವರ ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ.