ದೇವನಹಳ್ಳಿಯಲ್ಲೊಂದು ತೊಟ್ಟಿ ಕಡಲು

ದೇವನಹಳ್ಳಿ ಕಡೆಯ ವೀಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಹೊಸ ಮನೆಯ ಹಜಾರದಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ ಕೂರಿಸಿದ್ದಾರಂತೆ. ಅದರಲ್ಲಿ ಹವಳದ ದಿಬ್ಬ ಬೆಳೆಸಿ, ಕಡಲ ಮೀನು ಸಾಕುವ ಆಸೆ. ಕೊಳವೆಬಾವಿಯ ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಸಾಲದೇ ಎಂದು ಕೇಳಿದ್ದಾರೆ. ಸಾಲದು.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನಮ್ಮ ಅಡುಗೆ ಉಪ್ಪೇ, ನಿಜ. ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟುಗಳಿಲ್ಲದೆ ಕಡಲ ಜೀವಿಗಳು ಬಾಳವು. ಇವೆಲ್ಲವನ್ನೂ ಬೆರೆಸಿದ ಕಡಲುಪ್ಪಿನ ಮಿಶ್ರಣ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸಾವಿರ ಲೀಟರಿಗೂ ತುಸು ಹೆಚ್ಚು ನೀರು ಬೇಕು. ಅಂದರೆ 35 ಕಿಲೋಗಿಂತ ಹೆಚ್ಚು ಉಪ್ಪು, ನೆಲದ ಮೇಲೆ ಟನ್ನಿಗೂ ಮೀರಿದ ಭಾರ. ಮಹಡಿಯ ಮೇಲೆ ಇಡುವುದಾದರೆ ಮೊದಲು ಎಂಜಿನಿಯರರನ್ನು ಕೇಳಿ.

ಕೊಳವೆಬಾವಿಯ ಗಡಸು ನೀರು ಇದಕ್ಕೆ ಹೊಂದದು. ಅದರಲ್ಲಿ ನೈಟ್ರೇಟ್ ಇದ್ದರೆ ಪಾಚಿಗೆ ಹಬ್ಬ. ಆರ್.ಓ. ಯಂತ್ರ ಹಾಕಬಹುದು, ಆದರೆ ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಊರುಗಳ ನಡುವೆ ಇದು ಸಣ್ಣ ಮಾತಲ್ಲ. ಚಾವಣಿಯ ಮಳೆನೀರು ಹಿಡಿದು ಬಳಸುವುದು ಮೇಲು. ಮೊದಲ ಮಳೆಯನ್ನು ಬಿಟ್ಟು, ಇದ್ದಿಲು ಮತ್ತು ರಾಳದ ಶೋಧಕಗಳ ಮೂಲಕ ಹಾಯಿಸಬೇಕು.

ಇನ್ನು ಹವಳ. ನಮ್ಮ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅದನ್ನಾಗಲಿ ಬೇರೆಡೆಯದನ್ನಾಗಲಿ ಕಿತ್ತು ತರುವಂತಿಲ್ಲ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ ಇರುವುದೂ ಅದರಲ್ಲೇ. ಅಂಗಡಿಯವರು ಗುಟ್ಟಾಗಿ ತಂದುಕೊಡುತ್ತೇವೆಂದರೂ ಬೇಡವೆನ್ನಿ. ರಂಧ್ರಗಳುಳ್ಳ ಕೃತಕ ಕಲ್ಲಿನಿಂದಲೇ ಚೆಂದದ ದಿಬ್ಬ ಕಟ್ಟಬಹುದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ಮರಿಮಾಡಿಸುವ ವಿಧಾನ ರೂಪಿಸಿದೆ. ಹಾಗೆ ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಿ.

ಫಿಲ್ಟರ್ ಎಂದೊಡನೆ ನಮಗೆ ಕಾಫಿ ನೆನಪಾಗುತ್ತದೆ. ತೊಟ್ಟಿಯಲ್ಲಿ ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ಮೀನು ಕಿವಿರುಗಳಿಂದ ಅಮೋನಿಯ ಬಿಡುತ್ತದೆ, ತಿಂದುಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಸಾಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಈ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳಿನ ಮೇಲೆ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಕಲ್ಲೊಂದನ್ನು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ. ಅಲ್ಲಿಯವರೆಗೆ ಮೀನು ಬೇಡ, ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಿ. ಪರೀಕ್ಷಿಸಿದಾಗ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ತೋರಿಸಲೆಂದು ಅಂದೇ ಮೀನು ಬಿಟ್ಟವರನ್ನು ನಾನು ಬಲ್ಲೆ. ವಾರದೊಳಗೆ ತೊಟ್ಟಿ ಖಾಲಿ. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವವರೂ ಇದೇ ತಪ್ಪು ಮಾಡುತ್ತಾರೆ. ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಅದನ್ನು ಜಾಲಿಸಬೇಕು.

ಬೇಳೆ ಬೇಯುವಾಗ ಮೇಲೇಳುವ ನೊರೆಯನ್ನು ಸೌಟಿನಿಂದ ತೆಗೆಯುತ್ತೇವಲ್ಲ, ಪ್ರೋಟೀನ್ ಸ್ಕಿಮ್ಮರ್ ಮಾಡುವುದೂ ಅದನ್ನೇ. ಉಪ್ಪುನೀರಿನಲ್ಲಿ ಏಳುವ ಸಣ್ಣ ಗುಳ್ಳೆಗಳಿಗೆ ಜೈವಿಕ ಕೊಳೆ ಅಂಟಿ, ಅಮೋನಿಯ ಆಗುವ ಮೊದಲೇ ಹೊರಬೀಳುತ್ತದೆ.

ಇದನ್ನು ಕೂರಿಸುವುದು ಸಂಪಿನಲ್ಲಿ. ಮನೆ ಮುಂದಿನ ಸಂಪಲ್ಲ, ತೊಟ್ಟಿಯ ಕೆಳಗಿನ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ನೀರು ಕೊಳವೆಯಲ್ಲಿ ಇದಕ್ಕಿಳಿಯುತ್ತದೆ, ಪಂಪು ಮತ್ತೆ ಏರಿಸುತ್ತದೆ. ಕರೆಂಟು ಹೋದಾಗ? ದೊಡ್ಡಬಳ್ಳಾಪುರದ ಮಗ್ಗಗಳು ನಿಂತಂತೆ ಪಂಪೂ ನಿಲ್ಲುತ್ತದೆ, ಒಂದಿಷ್ಟು ನೀರು ಕೆಳಗಿಳಿಯುತ್ತದೆ. ಅದನ್ನು ಹಿಡಿಯುವಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿಯಿರಲಿ. ಏರುವ ಕೊಳವೆಗೆ ನೀರಿನ ಮಟ್ಟದಲ್ಲೊಂದು ಸಣ್ಣ ತೂತು ಕೊರೆದರೆ ಗಾಳಿ ಸೇರಿ ಹಿಮ್ಮುಖ ಹರಿವು ಕಡಿಯುತ್ತದೆ. ಹರಿವು ನಿಂತರೆ ಮೀನಿಗೂ ಬ್ಯಾಕ್ಟೀರಿಯಕ್ಕೂ ಆಮ್ಲಜನಕದ ಕೊರತೆ. ಬ್ಯಾಟರಿಯ ಗಾಳಿ ಪಂಪೊಂದು ಸಿದ್ಧವಿರಲಿ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ಸಿಹಿನೀರನ್ನೇ ತುಂಬಿಸಿ. ತಿಂಗಳಿಗೆ ನೂರು ಲೀಟರ್ ಬದಲಿಸಿದರೆ, ಹೊರಚೆಲ್ಲುವ ನೀರಿನಲ್ಲಿ ಮೂರೂವರೆ ಕಿಲೋ ಉಪ್ಪಿರುತ್ತದೆ. ಅದನ್ನು ಚಕ್ಕೋತದ ಬುಡಕ್ಕಾಗಲಿ ದ್ರಾಕ್ಷಿ ಚಪ್ಪರಕ್ಕಾಗಲಿ ಹಾಯಿಸಬೇಡಿ.