ರಾಷ್ಟ್ರೀಯ ಚುನಾವಣೆಗಳು ಮತ್ತು ಯುವ ಮತದಾರರು: ಹೈದರಾಬಾದಿನಿಂದ ಒಂದು ನೋಟ

ಲೋಕಸಭಾ ಚುನಾವಣೆ ಸಮೀಪಿಸಿದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಈ ಬಾರಿ ಯುವಜನರೇ ನಿರ್ಣಾಯಕರು.’ ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಯುವಜನರ ಸಂಖ್ಯೆ ಬೇರೆ, ಅವರ ಪ್ರಭಾವ ಬೇರೆ. ಸಂಖ್ಯೆಯು ಪ್ರಭಾವವಾಗಿ ಮಾರ್ಪಡಬೇಕಾದರೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮತದಾನದ ದಿನ ಆ ಹೆಸರಿನವರು ಆ ಊರಿನಲ್ಲಿರಬೇಕು. ಹೈದರಾಬಾದಿನಂತಹ ಮಹಾನಗರದಲ್ಲಿ, ಅದರಲ್ಲೂ ಹೊರಗಿನಿಂದ ಬಂದು ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಇವೆರಡೂ ಎಷ್ಟರಮಟ್ಟಿಗೆ ಕೂಡಿಬರುತ್ತಿವೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಇಪ್ಪತ್ತೊಂದರಿಂದ ಹದಿನೆಂಟಕ್ಕೆ

ನಮ್ಮ ಸಂವಿಧಾನದ 326ನೆಯ ವಿಧಿಯು ಆರಂಭದಲ್ಲಿ ಮತದಾನದ ಕನಿಷ್ಠ ವಯಸ್ಸನ್ನು 21 ಎಂದು ನಿಗದಿಪಡಿಸಿತ್ತು. ಬ್ರಿಟನ್ 1969ರಲ್ಲಿ, ಅಮೆರಿಕ 1971ರಲ್ಲಿ ಈ ವಯಸ್ಸನ್ನು 18ಕ್ಕೆ ಇಳಿಸಿದವು. ಭಾರತದಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ತಂದ 61ನೆಯ ತಿದ್ದುಪಡಿಯು 1989ರ ಮಾರ್ಚ್ 28ರಂದು ಜಾರಿಗೆ ಬಂದಿತು. ಅದೇ ನವೆಂಬರಿನಲ್ಲಿ ಲೋಕಸಭಾ ಚುನಾವಣೆ ನಡೆಯಿತು. ಹೊಸ ಹಕ್ಕಿನ ಆ ಮೊದಲ ಪಂಕ್ತಿಯಲ್ಲಿ ಹತ್ತೊಂಬತ್ತರ ಹರೆಯದ ನಾವೂ ನಿಂತಿದ್ದೆವು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಅಳಿಸಲಾಗದ ಶಾಯಿಯ ಗುರುತನ್ನು ವಾರಗಟ್ಟಲೆ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದುಂಟು.

1984-85ರಲ್ಲಿ ಸುಮಾರು 40 ಕೋಟಿಯಿದ್ದ ಮತದಾರರ ಸಂಖ್ಯೆ 1989ರಲ್ಲಿ ಸುಮಾರು 49.9 ಕೋಟಿಗೆ ಏರಿತು. ಮತದ ಹಕ್ಕು ಕೊಟ್ಟ ಕಾಂಗ್ರೆಸ್ ಪಕ್ಷವೇ 400ಕ್ಕೂ ಹೆಚ್ಚು ಸ್ಥಾನಗಳಿಂದ 197ಕ್ಕೆ ಇಳಿಯಿತು, ವಿ. ಪಿ. ಸಿಂಗ್ ಪ್ರಧಾನಿಯಾದರು. ಹಾಗಾದರೆ ಯುವಜನರೇ ಸರ್ಕಾರವನ್ನು ಬದಲಿಸಿದರೇ? ಅಷ್ಟು ಸುಲಭವಾಗಿ ಹೇಳಲಾಗದು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27ನ್ನು, ಅಂದಿನ ಆಂಧ್ರಪ್ರದೇಶದ 42ರಲ್ಲಿ 39ನ್ನು ಕಾಂಗ್ರೆಸ್ಸೇ ಗೆದ್ದುಕೊಂಡಿತು. ವಯಸ್ಸು ಒಂದೇ ಆದರೂ ಉತ್ತರದ ತೀರ್ಪು ಒಂದಾದರೆ ದಕ್ಷಿಣದ ತೀರ್ಪು ಇನ್ನೊಂದಾಯಿತು. ಯುವಜನರು ಒಟ್ಟಾಗಿ ಒಂದೇ ಕಡೆ ವಾಲುವ ಗುಂಪಲ್ಲ. ಅವರಿಗೂ ಊರು, ಭಾಷೆ, ಜಾತಿ, ಉದ್ಯೋಗದ ಚಿಂತೆಗಳಿವೆ ಎಂಬ ಮೊದಲ ಪಾಠ ಇದು.

ಮತವಿಲ್ಲದವರು ಬದಲಿಸಿದ ಚುನಾವಣೆ

ಎರಡನೆಯ ಪಾಠ ನಮ್ಮ ನಗರದ್ದೇ. 1969ರ ಪ್ರತ್ಯೇಕ ತೆಲಂಗಾಣ ಚಳವಳಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಗೂ ಇತರ ಊರುಗಳ ವಿದ್ಯಾರ್ಥಿಗಳೇ ಜೀವಾಳವಾಗಿದ್ದರು. ಉದ್ಯೋಗದಲ್ಲಿ ಸ್ಥಳೀಯರಿಗೆ ನೀಡಿದ್ದ ಭರವಸೆಗಳು ಈಡೇರಲಿಲ್ಲವೆಂಬುದು ಅವರ ಅಳಲಾಗಿತ್ತು. ಅವರಲ್ಲಿ ಅನೇಕರಿಗೆ 21 ತುಂಬಿರಲಿಲ್ಲ. ಅಂದರೆ ಮತವೇ ಇರಲಿಲ್ಲ. ಆದರೂ 1971ರ ಲೋಕಸಭಾ ಚುನಾವಣೆಯಲ್ಲಿ, ಇಂದಿರಾ ಗಾಂಧಿಯವರ ಅಲೆ ದೇಶವನ್ನೆಲ್ಲ ವ್ಯಾಪಿಸಿದ್ದಾಗ, ಡಾ. ಮರ್‍ರಿ ಚೆನ್ನಾರೆಡ್ಡಿಯವರ ತೆಲಂಗಾಣ ಪ್ರಜಾ ಸಮಿತಿಯು ಈ ಪ್ರದೇಶದ 14 ಸ್ಥಾನಗಳಲ್ಲಿ 10ನ್ನು ಗೆದ್ದಿತು. ಮಕ್ಕಳ ಮಾತು ತಂದೆತಾಯಿಯರ ಮತವಾಯಿತು. 2009ರ ಡಿಸೆಂಬರಿನಲ್ಲಿ ಅದೇ ಉಸ್ಮಾನಿಯಾ ಆವರಣ ಮತ್ತೆ ಎದ್ದುನಿಂತಿತು. 2014ರಲ್ಲಿ ತೆಲಂಗಾಣ ರಾಜ್ಯ ಉದಯಿಸಿತು.

ಆದ್ದರಿಂದ ಯುವಜನರ ಪ್ರಭಾವ ಎರಡು ಬಗೆಯದು: ಅವರು ತಾವೇ ಹಾಕುವ ಮತ ಒಂದು, ಅವರು ಮನೆಯಲ್ಲಿ, ಬೀದಿಯಲ್ಲಿ ಚರ್ಚೆಗೆ ಎತ್ತುವ ವಿಷಯ ಇನ್ನೊಂದು. ಎರಡನೆಯದು ಎಷ್ಟೇ ಬಲವಾಗಿದ್ದರೂ ಮೊದಲನೆಯದರ ಸ್ಥಾನವನ್ನು ತುಂಬಲಾರದು. 1969ರ ವಿದ್ಯಾರ್ಥಿಗಳಿಗೆ ಮತವಿರಲಿಲ್ಲ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ. ಇಂದಿನವರಿಗೆ ಮತವಿದೆ.

ಅಂಕಿಗಳು ಹೇಳುವ ಕಥೆ

2024ರ ಚುನಾವಣೆಗೆ ಮುನ್ನ ಆಯೋಗ ಪ್ರಕಟಿಸಿದ ಪಟ್ಟಿಯಲ್ಲಿ ಸುಮಾರು 96.9 ಕೋಟಿ ಮತದಾರರಿದ್ದರು. ಇವರಲ್ಲಿ 20ರಿಂದ 29ರ ವಯಸ್ಸಿನವರು 19.7 ಕೋಟಿ, ಅಂದರೆ ಐವರಲ್ಲಿ ಒಬ್ಬರು. ಆದರೆ 18-19ರ ವಯಸ್ಸಿನವರು ಸುಮಾರು 1.85 ಕೋಟಿ ಮಾತ್ರ. 2014ರಲ್ಲಿ ಇದೇ ವಯಸ್ಸಿನವರು ಸುಮಾರು 2.3 ಕೋಟಿಯಿದ್ದರು. ಹತ್ತು ವರ್ಷಗಳಲ್ಲಿ ಒಟ್ಟು ಪಟ್ಟಿ ಬೆಳೆದರೂ ಈ ಸಾಲು ಕುಗ್ಗಿತು. ದೇಶದಲ್ಲಿ ಆ ವಯಸ್ಸಿನವರ ಅಂದಾಜು ಸಂಖ್ಯೆಗೆ ಹೋಲಿಸಿದರೆ ಹೆಸರು ನೋಂದಾಯಿಸಿದವರು ಶೇಕಡಾ 40ಕ್ಕೂ ಕಡಿಮೆ. ತೆಲಂಗಾಣದಲ್ಲಿ ಈ ಪ್ರಮಾಣ ಸುಮಾರು ಮೂರರಲ್ಲಿ ಎರಡು ಭಾಗದಷ್ಟಿದ್ದು, ನಮ್ಮ ರಾಜ್ಯ ಮುಂಚೂಣಿಯಲ್ಲಿತ್ತು ಎಂಬುದು ಸಮಾಧಾನದ ಸಂಗತಿ.

ಆದರೆ ಪಟ್ಟಿಯಿಂದ ಮತಗಟ್ಟೆಯವರೆಗಿನ ದಾರಿಯಲ್ಲಿ ನಮ್ಮ ನಗರ ಎಡವುತ್ತದೆ. 2024ರ ಮೇ 13ರಂದು ರಾಜ್ಯದಲ್ಲಿ ಸರಾಸರಿ ಶೇಕಡಾ 65ಕ್ಕೂ ಹೆಚ್ಚು ಮತದಾನವಾಯಿತು. ಭುವನಗಿರಿಯಲ್ಲಿ ಶೇಕಡಾ 76ನ್ನು ದಾಟಿತು. ಹೈದರಾಬಾದ್ ಕ್ಷೇತ್ರದಲ್ಲಿ ಮಾತ್ರ ಸುಮಾರು 48, ಸಿಕಂದರಾಬಾದಿನಲ್ಲಿ ಸುಮಾರು 49. ಇದಕ್ಕೆ ಯುವಜನರನ್ನಷ್ಟೇ ದೂರುವುದು ನ್ಯಾಯವಲ್ಲ. ಅದೇ ದಿನ ಆಂಧ್ರಪ್ರದೇಶದಲ್ಲಿಯೂ ಚುನಾವಣೆಯಿದ್ದುದರಿಂದ ಅಲ್ಲಿನವರು ಬಸ್ಸು, ರೈಲುಗಳು ತುಂಬಿ ತುಳುಕುವಂತೆ ತಮ್ಮ ಊರುಗಳಿಗೆ ತೆರಳಿದ್ದರು. ಮತದ ಬಗ್ಗೆ ಉದಾಸೀನವಿದ್ದವರು ಹಾಗೆ ನೂರಾರು ಕಿಲೋಮೀಟರ್ ಪ್ರಯಾಣ ಮಾಡುವುದಿಲ್ಲ.

ಕೆಲವೇ ಮತಗಳ ಬೆಲೆ ಎಷ್ಟೆಂಬುದಕ್ಕೂ ಉದಾಹರಣೆ ದೂರವಿಲ್ಲ. 2019ರಲ್ಲಿ 31 ಲಕ್ಷಕ್ಕೂ ಹೆಚ್ಚು ಮತದಾರರಿದ್ದ ಮಲ್ಕಾಜ್‌ಗಿರಿಯಲ್ಲಿ ಅರ್ಧಕ್ಕೂ ತುಸು ಕಡಿಮೆ ಜನ ಮತ ಹಾಕಿದರು. ಗೆಲುವಿನ ಅಂತರ 10,919. 2024ರಲ್ಲಿ ಮಹಬೂಬ್‌ನಗರದಲ್ಲಿ ಅಂತರ ಸುಮಾರು 4,500. ಕನ್ನಡ ಮನೆಮಾತಿನ ಕುಟುಂಬಗಳಿರುವ ನಾರಾಯಣಪೇಟೆ, ಮಕ್ತಲ್ ಪ್ರದೇಶಗಳು ಇದೇ ಕ್ಷೇತ್ರಕ್ಕೆ ಸೇರಿವೆ.

ನಮ್ಮ ಮನೆಯ ಮಾತು

ಈ ಸಮಸ್ಯೆ ನಮ್ಮ ಮನೆಯಲ್ಲಿಯೇ ಎದುರಾಯಿತು. ನಮ್ಮ ಮಗಳ ಹೆಸರು ಹೈದರಾಬಾದಿನ ಪಟ್ಟಿಯಲ್ಲಿತ್ತು, ಉದ್ಯೋಗ ಬೆಂಗಳೂರಿನಲ್ಲಿ. 2024ರ ಏಪ್ರಿಲ್ 26ರಂದು ಬೆಂಗಳೂರು ಮತ ಹಾಕಿದಾಗ ಅವಳಿಗೆ ಅಲ್ಲಿ ಹಕ್ಕಿರಲಿಲ್ಲ. ಮೇ 13ರ ಸೋಮವಾರ ಇಲ್ಲಿಗೆ ಬರಲು ರಜೆ ದೊರೆಯಲಿಲ್ಲ. ಅವಳ ಜೀವನದ ಮೊದಲ ಲೋಕಸಭಾ ಚುನಾವಣೆ ಹಾಗೆಯೇ ಕಳೆದುಹೋಯಿತು. ‘ನೀವು ಹತ್ತೊಂಬತ್ತಕ್ಕೇ ಮತ ಹಾಕಿದಿರಿ ಅಪ್ಪಾ, ನನಗೆ ಇಪ್ಪತ್ಮೂರಾದರೂ ಆಗಲಿಲ್ಲ’ ಎಂದಳು. ಬ್ಯಾಂಕಿನಲ್ಲಿ ಗ್ರಾಹಕರಿಗೆ ‘ಮನೆ ಬದಲಾದರೆ ವಿಳಾಸ ಬದಲಿಸಿಕೊಳ್ಳಿ’ ಎಂದು ದಿನವೂ ಹೇಳುವ ನಾವು, ನಮ್ಮ ಮಗಳಿಗೆ ಅದೇ ಮಾತನ್ನು ಹೇಳುವುದನ್ನು ಮರೆತಿದ್ದೆವು. ತಪ್ಪು ನಮ್ಮದೇ.

ಬೀದರ್, ಕಲಬುರಗಿ, ರಾಯಚೂರುಗಳಿಂದ ಇಲ್ಲಿಗೆ ಬಂದು ಓದುತ್ತಿರುವ, ದುಡಿಯುತ್ತಿರುವ ಮಕ್ಕಳ ಸ್ಥಿತಿಯೂ ಭಿನ್ನವಲ್ಲ. ಅವರ ಊರುಗಳಲ್ಲಿ ಮತದಾನ ಮೇ 7ರಂದು, ಇಲ್ಲಿ 13ರಂದು. ಎರಡು ಊರಿನ ನಂಟಿದ್ದೂ ಒಂದೂರಿನಲ್ಲಿಯೂ ಮತ ಹಾಕದವರು ಹೀಗೆ ಹುಟ್ಟಿಕೊಳ್ಳುತ್ತಾರೆ.

ಏನು ಮಾಡಬಹುದು?

ಪರಿಹಾರ ಕಷ್ಟದ್ದಲ್ಲ. ಹೊಸಬರು ನಮೂನೆ 6ನ್ನು, ವಾಸಸ್ಥಳ ಬದಲಾದವರು ನಮೂನೆ 8ನ್ನು ಆಯೋಗದ ಜಾಲತಾಣದಲ್ಲಿ ಅಥವಾ ಮತಗಟ್ಟೆ ಮಟ್ಟದ ಅಧಿಕಾರಿಯ ಮೂಲಕ ಸಲ್ಲಿಸಬಹುದು. ಹಿಂದೆ ಜನವರಿ 1ಕ್ಕೆ 18 ತುಂಬಿರಲೇಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. ವಿದ್ಯಾರ್ಥಿನಿಲಯದಲ್ಲಿರುವವರು ಹೆತ್ತವರ ಊರು, ಓದುವ ಊರು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಎರಡು ಕಡೆ ಹೆಸರಿರುವುದು ಮಾತ್ರ ಕಾನೂನಿಗೆ ವಿರುದ್ಧ.

ಪ್ರತಿವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಬರುತ್ತದೆ. ರಾಜ್ಯೋತ್ಸವ, ಯುಗಾದಿಗಳಿಗೆ ಸೇರುವ ನಮ್ಮ ಕನ್ನಡ ಬಾಂಧವರು ಆ ದಿನ ಮನೆಯ ಮಕ್ಕಳನ್ನು ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಲಿ: ‘ನಿನ್ನ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ? ಚುನಾವಣೆಯ ದಿನ ನೀನು ಆ ಊರಿನಲ್ಲಿರುತ್ತೀಯಾ?’ ಯಾರಿಗೆ ಮತ ಹಾಕಬೇಕೆಂಬುದನ್ನು ಅವರೇ ನಿರ್ಧರಿಸಲಿ. ಅದು ಅವರ ಹಕ್ಕು. ಆ ಹಕ್ಕು ವಿಳಾಸ ತಪ್ಪಿ ಕಳೆದುಹೋಗದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ. ನಮ್ಮ ಮಗಳ ಹೆಸರು ಈಗ ಬೆಂಗಳೂರಿನ ಪಟ್ಟಿಯಲ್ಲಿದೆ.