ಬೇಸಿಗೆಯಲ್ಲೂ ಕೌದಿ

ಏಪ್ರಿಲ್ ತಿಂಗಳ ಕೌಜಲಗಿಯಲ್ಲಿ ಮಾಳಿಗೆ ಮೇಲೆ ಮಲಗಿದರೂ ಸೆಕೆ ಬಿಡುವುದಿಲ್ಲ. ಅಂಥ ರಾತ್ರಿಯಲ್ಲೂ ಕೌದಿ ಹೊದ್ದು ಮಲಗುವವರಿದ್ದಾರೆ. “ನನಗ ಭಾಳ ಥಂಡಿ ಹತ್ತತೈತ್ರಿ, ಮೈ ಭಾರ ಆಗೇತಿ, ಏನೂ ಮಾಡಾಕ ಮನಸ್ಸಿಲ್ಲ.” ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದವಾಖಾನೆಗಳಿಗೆ ಇದು ಹೊಸ ಮಾತಲ್ಲ. ಹೇಳುವವರಲ್ಲಿ ಹೆಂಗಸರೇ ಹೆಚ್ಚು. ಮನೆಯಲ್ಲಿ ಇದಕ್ಕೆ ಸಿಗುವ ಮೊದಲ ಔಷಧ “ವಯಸ್ಸಾತು ಬಿಡವಾ” ಎಂಬ ಸಮಾಧಾನ. ಎರಡನೆಯದು ಮೊಬೈಲಿನಲ್ಲಿ ಬಂದ ಯಾವುದೋ ಕಷಾಯದ ವಿಡಿಯೊ.

ಉಂಡ ರೊಟ್ಟಿಯನ್ನು ಜೀವಕೋಶಗಳು ಸುಟ್ಟು ಶಕ್ತಿ ಮಾಡಿಕೊಳ್ಳುವಾಗ ಹುಟ್ಟುವ ಕಾವೇ ಮೈಬಿಸಿ. ಆ ಉರಿ ಎಷ್ಟಿರಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಂಟಲಮಣಿಯ ಕೆಳಗೆ ಚಿಟ್ಟೆಯ ಹಾಗೆ ಕೂತಿರುವ ಥೈರಾಯ್ಡ್ ಗ್ರಂಥಿ. ಅದು ಹೆಚ್ಚಾಗಿ ಟಿ4 ಎಂಬ ರಸವನ್ನು, ಸ್ವಲ್ಪ ಟಿ3 ಎಂಬುದನ್ನು ಮಾಡುತ್ತದೆ. ಆ 4 ಮತ್ತು 3 ಒಂದೊಂದರಲ್ಲಿರುವ ಅಯೋಡಿನ್ ಪರಮಾಣುಗಳ ಲೆಕ್ಕ. ರಸ ಕಡಿಮೆಯಾದರೆ ಉರಿ ತಗ್ಗುತ್ತದೆ. ಥಂಡಿ ಹತ್ತುತ್ತದೆ, ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮಲ ಕಟ್ಟುತ್ತದೆ, ಮುಟ್ಟು ಏರುಪೇರಾಗುತ್ತದೆ. ದನಿಯೂ ದಪ್ಪಗಾಗಿ ಒಡೆಯುತ್ತದೆ. ಶ್ರೀಕೃಷ್ಣ ಪಾರಿಜಾತ ಎಂಬ ಆಟದ ಕಲಾವಿದೆ ನಿಂಗಮ್ಮನ ಹೆಸರಿನೊಂದಿಗೇ ನಾಡು ನೆನೆಯುವ ಊರು ಕೌಜಲಗಿ. ಹಾಡಿಕೆಯ ಕಿವಿಯಿರುವ ಇಂಥ ಕಡೆ ಒಬ್ಬಳ ದನಿ ಬದಲಾದದ್ದು ವೈದ್ಯರಿಗಿಂತ ಮೊದಲು ನೆರೆಮನೆಯವರಿಗೆ ತಿಳಿದರೆ ಆಶ್ಚರ್ಯವಿಲ್ಲ.

ರಕ್ತ ತಪಾಸಣೆಯ ಚೀಟಿ ಕೈಗೆ ಬಂದಾಗ ಒಂದು ಗೊಂದಲ ಹುಟ್ಟುತ್ತದೆ. “ಥೈರಾಯ್ಡ್ ಜಾಸ್ತಿ ಆಗೇತಿ” ಎನ್ನುತ್ತಾರೆ. ಜಾಸ್ತಿಯಾದದ್ದು ಥೈರಾಯ್ಡ್ ರಸವಲ್ಲ, ಟಿಎಸ್ಎಚ್. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು. ಹೊಲದ ಆ ತುದಿಯಲ್ಲಿರುವ ಆಳು ಓಗೊಡದಿದ್ದರೆ ಕರೆಯುವವನ ದನಿ ಏರುವುದಿಲ್ಲವೇ? ಹಾಗೆ ಥೈರಾಯ್ಡ್ ಸೋತಷ್ಟೂ ಟಿಎಸ್ಎಚ್ ಏರುತ್ತದೆ. ಇದು ತಿಳಿಯದೆ “ಜಾಸ್ತಿ ಆದದ್ದನ್ನ ಇಳಿಸಬೇಕು” ಎಂದು, ಕೊರತೆ ತುಂಬುವ ಟಿ4 ರಸದ ಗುಳಿಗೆಯನ್ನೇ ಬಿಟ್ಟವರೂ ಇದ್ದಾರೆ.

ತಪಾಸಣೆಯ ಗೊಡವೆಯೇ ಬೇಡ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಸಾಕು ಎಂಬ ವಾದವೊಂದು ಜಗತ್ತಿನ ತುಂಬ ಓಡಾಡುತ್ತಿದೆ. ಅದರ ಮೂಲಪುರುಷ ಅಮೆರಿಕದ ವೈದ್ಯ ಬ್ರೋಡಾ ಬಾರ್ನ್ಸ್. 1942ರಲ್ಲಿ ಲೇಖನ ಬರೆದ, 1976ರಲ್ಲಿ ಪುಸ್ತಕ ತಂದ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಕಂಕುಳ ತಾಪ 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಥೈರಾಯ್ಡ್ ಕೊರತೆಯೆಂದು ಅನುಮಾನಿಸು ಎಂಬುದು ಅವನ ಸೂತ್ರ. ಮೊದಲ ಲೇಖನದ ಹೊತ್ತಿಗೆ ಇಂದಿನಂಥ ಟಿಎಸ್ಎಚ್ ತಪಾಸಣೆ ಇರಲಿಲ್ಲ, ಆದ್ದರಿಂದ 1942ರ ಬಾರ್ನ್ಸ್‌ನನ್ನು ನಾನು ದೂರುವುದಿಲ್ಲ. ಅದೇ ಸೂತ್ರವನ್ನು ಇವತ್ತಿಗೂ ಹಿಡಿದು ಕೂತವರನ್ನು ದೂರಬೇಕು. ಏಕೆಂದರೆ ಮೈಬಿಸಿ ನಸುಕಿನಲ್ಲಿ ಇಳಿದು ಸಂಜೆಗೆ ಏರುತ್ತದೆ. ಹೆಂಗಸರಲ್ಲಿ ತಿಂಗಳ ಚಕ್ರದ ಮೊದಲರ್ಧದಲ್ಲಿ ಕಡಿಮೆ, ಅಂಡ ಬಿಡುಗಡೆಯಾದ ಮೇಲೆ ಹೆಚ್ಚು. ಕಂಕುಳಲ್ಲಿ ಬಾಯಿಗಿಂತ ಕಡಿಮೆ ತೋರಿಸುತ್ತದೆ. ಸಹಜ ಮೈಬಿಸಿ 98.6 ಎಂಬ ಅಂಕಿಯೇ 1868ರಲ್ಲಿ ಜರ್ಮನಿಯ ವುಂಡರ್‌ಲಿಶ್ ಕೊಟ್ಟದ್ದು. 1992ರಲ್ಲಿ ಮತ್ತೆ ಅಳೆದಾಗ ಸರಾಸರಿ 98.2ಕ್ಕೆ ನಿಂತಿತು. ಅಮೆರಿಕನ್ನರ ಮೈಬಿಸಿ ಒಂದೂವರೆ ಶತಮಾನದಿಂದ ನಿಧಾನವಾಗಿ ಇಳಿಯುತ್ತ ಬಂದಿದೆ ಎಂದು 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು. ಹೀಗಿರುವಾಗ ನಸುಕಿನ ಕಂಕುಳ ತಾಪ ನೋಡಿ ರೋಗ ಹೇಳಿದರೆ ಅರ್ಧ ಊರಿಗೆ ರೋಗ ಹತ್ತೀತು.

ಅದನ್ನೇ ಮಾಡಿದವನು ಅಮೆರಿಕದ ವೈದ್ಯ ಡೆನಿಸ್ ವಿಲ್ಸನ್. ರಕ್ತ ತಪಾಸಣೆ ಸರಿಯಿದ್ದರೂ ತಾಪ ಕಡಿಮೆಯಿದ್ದರೆ ಅದೊಂದು ರೋಗ ಎಂದು ತನ್ನ ಹೆಸರನ್ನೇ ಅದಕ್ಕಿಟ್ಟು, ಟಿ3 ಗುಳಿಗೆ ಕೊಡತೊಡಗಿದ. 1992ರಲ್ಲಿ ಫ್ಲಾರಿಡಾದ ವೈದ್ಯ ಮಂಡಳಿ ಅವನ ಮೇಲೆ ಶಿಸ್ತುಕ್ರಮ ಕೈಗೊಂಡಿತು. ಅಮೆರಿಕದ ಥೈರಾಯ್ಡ್ ವೈದ್ಯರ ಸಂಘ ಅಂಥ ರೋಗಕ್ಕೆ ಆಧಾರವಿಲ್ಲ ಎಂದಿತು. ಬೇಡದ ಮೈಗೆ ಟಿ3 ಸುರಿದರೆ ಮೈ ಬೆಚ್ಚಗಾಗಬಹುದು, ಅದರ ಜೊತೆಗೆ ಗುಂಡಿಗೆಯೂ ತಾಳ ತಪ್ಪೀತು.

ಹಾಗಂತ ಪರ್ಯಾಯಗಳನ್ನೆಲ್ಲ ಒಂದೇ ಮೊರದಲ್ಲಿ ಹಾಕಿ ಕೇರಿ ಎಸೆಯಬಾರದು. ಇವತ್ತಿನ ಚಿಕಿತ್ಸೆಯೇ ಒಂದು ಕಾಲದ ವಿಚಿತ್ರ ಪ್ರಯೋಗ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನಿಂದ ರಸ ತೆಗೆದು ಒಬ್ಬ ಹೆಂಗಸಿಗೆ ಸೂಜಿಯಲ್ಲಿ ಕೊಟ್ಟ. ಊದಿ ಮಂಕಾಗಿದ್ದ ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಅಷ್ಟರಲ್ಲಿ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾದವು. ಹಂದಿಯ ಒಣಗ್ರಂಥಿಯ ಗುಳಿಗೆ ಕೆಲವು ದೇಶಗಳಲ್ಲಿ ಈಗಲೂ ಇದೆ. ಮರ್ರೆಯ ಪ್ರಯೋಗ ಗೆದ್ದು ನಿಂತದ್ದು ಇಲ್ಲದ ರಸವನ್ನೇ ಮೈಗೆ ಮರಳಿ ಕೊಟ್ಟದ್ದರಿಂದ. ಬೇರೆ ಯಾವ ಮದ್ದನ್ನು ತೂಗುವಾಗಲೂ ನಾನು ಕೇಳುವ ಪ್ರಶ್ನೆ ಇದೇ: ಇಲ್ಲದ ರಸವನ್ನು ಇದು ತಂದುಕೊಡುತ್ತದೆಯೇ?

ಘಟಪ್ರಭಾದಲ್ಲಿ ಆಯುರ್ವೇದ ಕಾಲೇಜೇ ಇರುವ ಸೀಮೆ ಇದು, ಹಾಗಾಗಿ ಕಾಂಚನಾರ ಗುಗ್ಗುಲು ಎಂಬ ಹೆಸರು ಇಲ್ಲಿ ಅಪರಿಚಿತವಲ್ಲ. ಕೆಂಪು ಮಂದಾರದ ತೊಗಟೆಯಿಂದ ಮಾಡುವ ಈ ಮದ್ದನ್ನು ಶಾರ್ಙ್ಗಧರ ಸಂಹಿತೆ ಹೇಳಿರುವುದು ಗಂಡಮಾಲೆಗೆ, ಗಂಟುಗಳಿಗೆ. ಸುಶ್ರುತನ ಗಳಗಂಡವೂ ಕುತ್ತಿಗೆಯ ಬಾವೇ. ಕಣ್ಣಿಗೆ ಕಾಣುವ ಬಾವು ಬೇರೆ, ಬಾವೇ ಇಲ್ಲದೆ ಒಳಗೊಳಗೇ ಸೊರಗುವ ಗ್ರಂಥಿ ಬೇರೆ. ಗ್ರಂಥಿ ಹೀಗೆ ಸೊರಗುವುದು ಹೆಚ್ಚಾಗಿ ನಮ್ಮ ರಕ್ಷಣಾ ಕಣಗಳೇ ಥೈರಾಯ್ಡನ್ನು ತಿನ್ನುವ ಬೇನೆಯಿಂದ; ಜಪಾನಿನ ಹಾಶಿಮೊಟೊ 1912ರಲ್ಲಿ ಅದನ್ನು ಮೊದಲು ವಿವರಿಸಿದ್ದು ಬಾವಿದ್ದವರಲ್ಲಿ, ಆದರೆ ಬಾವಿಲ್ಲದೆಯೂ ಅದು ಬರುತ್ತದೆ. ಇಂದು ನಾವು ಕಾಣುವ ಕೊರತೆಗೆ ಮುಖ್ಯ ಕಾರಣ ಅದೇ. ಅಶ್ವಗಂಧದ ಬಗ್ಗೆ 2018ರಲ್ಲಿ 50 ಜನರ ಮೇಲೆ ಎಂಟು ವಾರದ ಪ್ರಯೋಗ ನಡೆದು, ಸಣ್ಣ ಮಟ್ಟದ ಕೊರತೆಯಲ್ಲಿ ಟಿಎಸ್ಎಚ್ ಸುಧಾರಿಸಿದ್ದು ಕಂಡಿತು. ಐವತ್ತೇ ಜನ, ಎಂಟೇ ವಾರ! ಅದನ್ನು ನುಂಗಿದವರಲ್ಲಿ ಥೈರಾಯ್ಡ್ ವಿಪರೀತ ಏರಿದ, ಯಕೃತ್ತು ಕೆಟ್ಟ ವರದಿಗಳೂ ಇವೆ. ಗುಳಿಗೆಯ ಜೊತೆ ಗುಟ್ಟಾಗಿ ಅಶ್ವಗಂಧ ತೆಗೆದುಕೊಂಡರೆ ವೈದ್ಯರ ಲೆಕ್ಕ ತಪ್ಪುತ್ತದೆ. ಸರ್ವಾಂಗಾಸನ ಗ್ರಂಥಿಯನ್ನು ಎಬ್ಬಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ದಣಿವಿಗೆ, ನಿದ್ದೆಗೆ ಯೋಗ ಒಳ್ಳೆಯದೇ, ಮಾಡಲಿ.

ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಮೇಲೂ ಒಂದು ದೂರಿದೆ. ಸಜ್ಜೆಯಲ್ಲಿರುವ ಕೆಲವು ಅಂಶಗಳು ಥೈರಾಯ್ಡಿಗೆ ಅಡ್ಡಿ ಮಾಡುತ್ತವೆಂದು 1980ರ ದಶಕದಲ್ಲಿ ಸುಡಾನಿನ ದಾರ್ಫುರ್ ಸೀಮೆಯ ಗಳಗಂಡವನ್ನು ಪರಿಶೀಲಿಸಿದವರು ಕಂಡುಕೊಂಡರು. ಆದರೆ ಅಲ್ಲಿ ಮೂರು ಹೊತ್ತೂ ಸಜ್ಜೆಯೇ, ಅಯೋಡಿನ್ನಿಗೂ ಬರ. ಜೋಳ, ಗೋಧಿ, ಕಾಳು, ಮೊಸರು ಉಣ್ಣುವ ನಮ್ಮವರು ಸಜ್ಜೆಯನ್ನಾಗಲೀ ಅದೇ ದೂರು ಹೊತ್ತ ಕೋಸನ್ನಾಗಲೀ ಬಿಡಬೇಕಿಲ್ಲ.

ನಿಜವಾಗಿ ಕಾಡಬಲ್ಲ ಪರ್ಯಾಯ ಬೇರೆಯೇ ಇದೆ: ಅಯೋಡಿನ್ ಬೆರೆಸದ ಸೈಂಧವ ಲವಣ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಇಂದು ಮನೆ ತಲುಪಿದ ಉಪ್ಪಿನ ಪ್ರತಿ ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೊಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೊಗ್ರಾಂ, ಬಸುರಿಗೆ ಇನ್ನೂ ಹೆಚ್ಚು. “ಶುದ್ಧ, ನೈಸರ್ಗಿಕ” ಎಂದು ಬರೀ ಸೈಂಧವಕ್ಕೆ ಹೊರಳಿದ ಮನೆ, ಥೈರಾಯ್ಡ್ ಉಳಿಸಲು ಹೋಗಿ ಅದರ ಆಹಾರವನ್ನೇ ಕಸಿಯುತ್ತದೆ. ಅಯೋಡಿನ್ ಹನಿ, ಕಡಲಪಾಚಿಯ ಪುಡಿ ಸುರಿದುಕೊಳ್ಳುವುದೂ ಅಷ್ಟೇ ಕೆಟ್ಟದ್ದು. ಅತಿಯಾದ ಅಯೋಡಿನ್ ಗ್ರಂಥಿಯನ್ನೇ ಕಟ್ಟಿಹಾಕಬಲ್ಲದು.

ಥಂಡಿ ಹತ್ತುವವರೆಲ್ಲರದೂ ಥೈರಾಯ್ಡ್ ಅಲ್ಲ ಎಂಬುದನ್ನು ಮರೆಯುವಂತಿಲ್ಲ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ರಕ್ತ ಕಡಿಮೆಯಾದರೂ ಕೈಕಾಲು ತಣ್ಣಗೆ. ಬಿ12 ಕೊರತೆ, ಅರೆಹೊಟ್ಟೆ, ಕೆಟ್ಟ ನಿದ್ದೆ, ಮನಸ್ಸಿನ ಕುಗ್ಗು, ಇವೆಲ್ಲ ಅದೇ ವೇಷ ಹಾಕಿ ಬರುತ್ತವೆ. ಟಿಎಸ್ಎಚ್ ತುಸುವೇ ಏರಿದ ಮುದುಕರಿಗೆ ಗುಳಿಗೆ ಕೊಟ್ಟರೆ ದಣಿವು ಹೋಗುವುದೇ ಎಂದು ಯುರೋಪಿನಲ್ಲಿ 737 ಜನರ ಮೇಲೆ ನೋಡಿದರು. ಹೋಗಲಿಲ್ಲ ಎಂದು 2017ರಲ್ಲಿ ವರದಿ ಬಂತು. ಗುಳಿಗೆ ಬರೆಯುವ ಆತುರ ವೈದ್ಯರಲ್ಲೂ ಇದೆ. ಆದರೆ ಮೈ ವಿಪರೀತ ತಣ್ಣಗಾಗಿ, ಮಾತು ತೊದಲಿ, ಮಂಪರು ಕವಿದರೆ ಕಷಾಯವೂ ಬೇಡ, ಚರ್ಚೆಯೂ ಬೇಡ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಗುಳಿಗೆ ತಗೊಂಡರೂ ಥಂಡಿ ಬಿಡಲಿಲ್ಲ ಎಂದು ಬೇರೆ ಮದ್ದಿಗೆ ಹೋಗುವವರ ಮನೆಯಲ್ಲಿ ನಾನು ಮೊದಲು ನೋಡುವುದು ಗುಳಿಗೆಯ ಡಬ್ಬಿ ಎಲ್ಲಿದೆ ಎಂದು. ಎಷ್ಟೋ ಸಲ ಅದು ಒಲೆಯ ಪಕ್ಕದ ಗೂಡಿನಲ್ಲಿರುತ್ತದೆ. ಬಿಸಿಗೆ ಅದರ ಕಸುವು ಕುಂದುತ್ತದೆ. ನುಂಗುವುದು ಚಾದ ಜೊತೆ, ಬೆನ್ನಿಗೇ ಕಬ್ಬಿಣದ ಅಥವಾ ಸುಣ್ಣದ ಗುಳಿಗೆ. ಇವು ಒಂದನ್ನೊಂದು ಕಟ್ಟಿಹಾಕುತ್ತವೆ, ನಡುವೆ ನಾಲ್ಕು ತಾಸಿನ ಅಂತರ ಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು ಚಾ ಕುಡಿಯಬೇಕು. ಈ ರಸ ಮೈಯಲ್ಲಿ ಅರ್ಧಕ್ಕಿಳಿಯಲು ಒಂದು ವಾರ ಹಿಡಿಯುವುದರಿಂದ, ಪ್ರಮಾಣ ಬದಲಿಸಿದ ಫಲ ರಕ್ತದಲ್ಲಿ ಸರಿಯಾಗಿ ಕಾಣಲು ಆರೆಂಟು ವಾರ ಬೇಕು. ಅಲ್ಲಿಯತನಕ ಕೌದಿ ಹೊದೆಯಲಿ ಬಿಡಿ, ಏಪ್ರಿಲ್ ಆದರೇನು.